ಕಲೀನಾಳಿಗೆ ನೀವು ಕೊಟ್ಟ ಇಪ್ಪತ್ತು ಸೆಕೆಂಡು

ಶಾಲೆಗಳ ಡಿಜಿಟಲ್ ಯೋಜನೆಯ ಪ್ರಧಾನ ನಿರ್ದೇಶಕರಿಗೆ, ಸೋಫಿಯಾ ನಗರ

ಮಾನ್ಯರೇ,

ಏಳು ವರ್ಷದ ಒಬ್ಬ ಹುಡುಗಿಯನ್ನು ನಿಮ್ಮ ಕಚೇರಿ ಬುದ್ಧಿ ಬೆಳೆಯದ ಮಗು ಎಂದು ದಾಖಲಿಸಿಕೊಂಡು, ಮನೆಯಿಂದ ತೊಂಬತ್ತು ಕಿಲೋಮೀಟರ್ ದೂರದ ವಿಶೇಷ ಶಾಲೆಯ ಹಾಸ್ಟೆಲಿಗೆ ಕಳಿಸಿದೆ. ಅವಳ ಬುದ್ಧಿಗೆ ಏನೂ ಆಗಿರಲಿಲ್ಲ. ಅವಳಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಅಷ್ಟೇ. ಇದು ಈಗ ನನಗೆ ಗೊತ್ತು, ಅವಳ ತಾಯಿಗೆ ಗೊತ್ತು, ಕಣ್ಣಿನ ಡಾಕ್ಟರಿಗೆ ಗೊತ್ತು, ಆ ವಿಶೇಷ ಶಾಲೆಯವರಿಗೂ ಗೊತ್ತು. ಗೊತ್ತಿಲ್ಲದಿರುವುದು ನಿಮ್ಮ ಕಂಪ್ಯೂಟರಿಗೆ ಮಾತ್ರ. ಅದಕ್ಕೆ ಗೊತ್ತಾಗುವವರೆಗೆ, ಅಂದರೆ ಬರುವ ಸೆಪ್ಟೆಂಬರ್ ಹದಿನೈದರವರೆಗೆ, ಮಗು ಇರುವಲ್ಲೇ ಇರಬೇಕು ಎನ್ನುತ್ತದೆ ನಿಮ್ಮ ಉತ್ತರ. ನಾನು ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ಒಂದೇ ಉತ್ತರ, ಒಂದೇ ಒಕ್ಕಣೆ, ಒಂದು ಅಲ್ಪವಿರಾಮವೂ ಆಚೀಚೆ ಆಗಿಲ್ಲ. ಆದ್ದರಿಂದ ಐದನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಇಲ್ಲಾದರೂ ಓದುವವರು ಮನುಷ್ಯರಾಗಿರುತ್ತಾರೆ ಎಂಬ ನಂಬಿಕೆಯಿಂದ.

ನಾನು ಡ್ಯಾನ್ಯೂಬ್ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೇನೆ. ಒಂದನೇ ತರಗತಿಯಲ್ಲಿ ಕೈ ಹಿಡಿದು ನಾಲ್ಕನೆಯದರ ಕೊನೆಗೆ ಬಿಟ್ಟುಕೊಟ್ಟು, ಮತ್ತೆ ಒಂದಕ್ಕೆ ಮರಳುವುದು ನನ್ನ ಕೆಲಸ. ಇದು ಎಂಟನೇ ತಂಡ. ಈ ತಂಡದಲ್ಲಿ ಆರು ಮಕ್ಕಳ ತಾಯಂದಿರು ನನ್ನ ಹತ್ತಿರವೇ ಅಕ್ಷರ ಕಲಿತವರು. ನಾನು ಯಂತ್ರದ ವೈರಿ ಎಂದು ನೀವು ತಿಳಿಯಬಾರದು. ಹಾಗೆ ತಿಳಿದರೆ ಈ ಪತ್ರವನ್ನು ಬದಿಗೆ ಸರಿಸುವುದು ನಿಮಗೆ ಬಹಳ ಸುಲಭವಾಗುತ್ತದೆ. ಕಳೆದ ತಂಡದಲ್ಲಿ ಒಬ್ಬಳು ಕಾಲು ಮುರಿದುಕೊಂಡು ಎರಡು ತಿಂಗಳು ಮನೆಯಲ್ಲಿ ಮಲಗಿದ್ದಾಗ, ನನ್ನ ಸ್ವಂತ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಅವಳಿಗೆ ದಿನವೂ ಪಾಠ ಮುಟ್ಟಿಸಿದವಳು ನಾನೇ. ಯಾರೂ ಆದೇಶ ಹೊರಡಿಸಿರಲಿಲ್ಲ. ಆದೇಶವಿಲ್ಲದ ಕಾರಣಕ್ಕೇ ಇರಬೇಕು, ಅದು ಚೆನ್ನಾಗಿ ನಡೆಯಿತು.

ಈ ಬಾರಿ ಆದೇಶ ಬಂತು. ಶಾಲೆ ಶುರುವಾಗುವುದಕ್ಕೆ ವಾರ ಮುಂಚೆ ಎರಡು ಲಾರಿ ಬಂದವು. ಗೋಡೆಯಗಲದ ಹೊಳೆಯುವ ಪರದೆಗಳು, ಪ್ರತಿ ಮಗುವಿಗೊಂದು ಟ್ಯಾಬ್, ಆ ಟ್ಯಾಬನ್ನು ಡೆಸ್ಕಿಗೆ ಸ್ಕ್ರೂ ಹಾಕಿ ಬಿಗಿಯಲು ಕಬ್ಬಿಣದ ಸ್ಟ್ಯಾಂಡು. ಹಳೆಯ ಕರಿಹಲಗೆಗಳನ್ನು ಕಳಚಬೇಕು, ಕಳಚಿದ್ದಕ್ಕೆ ಫೋಟೊ ತೆಗೆದು ಕಳಿಸಬೇಕು. ನಮ್ಮ ಶಾಲೆಯ ಜವಾನ ಮಾನೋಲ್ ಮಾಮ ಹಲಗೆಯನ್ನು ಹೊತ್ತುಕೊಂಡು ನೆಲಮಾಳಿಗೆಗೆ ಇಳಿಯುವಾಗ ನನ್ನನ್ನು ನೋಡಿ, "ಟೀಚರಮ್ಮ, ಇದಕ್ಕೆ ಪಾಸ್‌ವರ್ಡ್ ಇರಲಿಲ್ಲ ಅನ್ನೋದೊಂದೇ ತಪ್ಪು ನೋಡಿ" ಎಂದ. ನಾನು ನಕ್ಕೆ. ಆಗ ನನಗೂ ಹೊಸದರ ಹುಮ್ಮಸ್ಸಿತ್ತು.

ತರಬೇತಿಗೆ ನೀವು ರಾಜಧಾನಿಯಿಂದ ಒಬ್ಬ ಯುವತಿಯನ್ನು ಕಳಿಸಿದ್ದಿರಿ. ಚುರುಕಿನ ಹೆಣ್ಣುಮಗಳು, ಅವಳ ಮೇಲೆ ನನಗೆ ದೂರಿಲ್ಲ. ಟ್ಯಾಬಿನ ಒಂದು ಹೆಚ್ಚುಗಾರಿಕೆಯನ್ನು ಅವಳು ಬಹಳ ಅಕ್ಕರೆಯಿಂದ ತೋರಿಸಿದಳು. ಮಗುವಿನ ಮುಖ ಪರದೆಗೆ ನಲವತ್ತು ಸೆಂಟಿಮೀಟರಿಗಿಂತ ಹತ್ತಿರ ಬಂದರೆ ಒಳಗಿನ ಕ್ಯಾಮೆರಾ ಅದನ್ನು ಹಿಡಿಯುತ್ತದೆ, ಪರದೆ ಮಂಕಾಗುತ್ತದೆ, ಟಿಣ್ ಎಂದು ಸದ್ದಾಗುತ್ತದೆ, 'ಹಿಂದೆ ಸರಿ' ಎಂದು ಒಂದು ಕರಡಿಮರಿಯ ಚಿತ್ರ ಕೈಯಾಡಿಸುತ್ತದೆ. ಇದರ ಹೆಸರು ಕಣ್ಣಿನ ರಕ್ಷಣೆ.

"ಇದನ್ನ ಆಫ್ ಮಾಡಕ್ಕಾಗುತ್ತಾ?" ಎಂದು ನಾನು ಕೇಳಿದೆ. ಸುಮ್ಮನೆ ಕೇಳಿದೆ, ಮನಸ್ಸಿನಲ್ಲಿ ಏನೂ ಇರಲಿಲ್ಲ.

"ಯಾಕೆ ಆಫ್ ಮಾಡ್ತೀರಾ ಮೇಡಂ? ಮಕ್ಕಳ ಕಣ್ಣು ಹಾಳಾಗ್ಲಿ ಅಂತಾನಾ?" ಎಂದಳು. ಎಲ್ಲರೂ ನಕ್ಕರು. ನಾನೂ ಪುಸ್ತಕದಲ್ಲಿ ಬರೆದುಕೊಂಡೆ: ಆಫ್ ಆಗುವುದಿಲ್ಲ.

ಸೆಪ್ಟೆಂಬರ್ ಹದಿನೈದರಂದು ಮಕ್ಕಳು ಡೇಲಿಯಾ ಹೂವಿನ ಗೊಂಚಲು ಹಿಡಿದು ಬಂದರು. ಬಾಗಿಲಲ್ಲಿ ಅವರಿಗೆ ಜೇನು ಸವರಿದ ರೊಟ್ಟಿ ಕೊಟ್ಟೆವು. ಇಪ್ಪತ್ತೆರಡು ಮಕ್ಕಳು. ಕಲೀನಾ ತಾಯಿಯ ಕೋಟಿನ ತುದಿಗೆ ಅಂಟಿಕೊಂಡು ಒಳಗೆ ಬಂದಳು. ಹೊಸ್ತಿಲಲ್ಲಿ ಎಡವಿದಳು. ನಾಚಿಕೆ ಎಂದುಕೊಂಡೆ. ಅವಳ ತಾಯಿ ಇಸ್ಕ್ರಾ ನನ್ನ ಎರಡನೇ ತಂಡದವಳು, ಈಗ ಹೊಲಿಗೆ ಕಾರ್ಖಾನೆಯಲ್ಲಿ ಪಾಳಿ ಲೆಕ್ಕದಲ್ಲಿ ದುಡಿಯುತ್ತಾಳೆ. ತಂದೆ ಲಾರಿ ಓಡಿಸುತ್ತ ತಿಂಗಳುಗಟ್ಟಲೆ ಹೊರದೇಶದಲ್ಲಿರುತ್ತಾನೆ. ಮಗು ಬೆಳೆದದ್ದು ಅಜ್ಜಿಯ ಕೈಯಲ್ಲಿ, ಕಥೆ ಕೇಳುತ್ತ, ಹಾಡು ಕೇಳುತ್ತ. ಕೇಳಿದ್ದನ್ನೆಲ್ಲ ಒಪ್ಪಿಸುತ್ತಿದ್ದಳು. ಶಾಲೆಗೆ ಸೇರಿಸಲು ಬೇಕಾದ ಆರೋಗ್ಯ ಪತ್ರಕ್ಕೆ ಊರಿನ ಡಾಕ್ಟರು ಮಗುವನ್ನು ತಲೆಯೆತ್ತಿ ನೋಡದೆ ಸಹಿ ಹಾಕಿದ್ದರು. ಹೀಗೆ ತಪ್ಪಿನಲ್ಲಿ ಪಾಲುದಾರರು ಹಲವರಿದ್ದೇವೆ. ಆದರೆ ಉಳಿದವರೆಲ್ಲ ಈಗ ತಲೆ ತಗ್ಗಿಸಿದ್ದಾರೆ. ನಿಮ್ಮ ಕಚೇರಿಯೊಂದೇ ನೆಟ್ಟಗೆ ನಿಂತಿದೆ.

ಇಪ್ಪತ್ತೆಂಟು ವರ್ಷ ನಾನು ಶಾಲೆ ಶುರುವಾದ ಮೊದಲ ಹದಿನೈದು ದಿನ ಪಾಠವನ್ನೇ ಮಾಡುತ್ತಿರಲಿಲ್ಲ. ಸಾಲುಗಳ ನಡುವೆ ಓಡಾಡುತ್ತಿದ್ದೆ. ಯಾರು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ, ಯಾರಿಗೆ ಒಂದು ಕಿವಿ ಮಂದ, ಯಾರು ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದಾರೆ, ಯಾರ ಮೂಗು ಪುಸ್ತಕಕ್ಕೆ ತಾಗುತ್ತದೆ, ಇಷ್ಟನ್ನು ನೋಡುವುದೇ ಆ ದಿನಗಳ ಕೆಲಸ. ಹಾಗೆ ನೋಡಿ ಹನ್ನೊಂದು ಮಕ್ಕಳನ್ನು ನಾನು ಕಣ್ಣಿನ ಡಾಕ್ಟರ ಬಳಿಗೆ ಅಟ್ಟಿದ್ದೇನೆ. ಈ ವರ್ಷ ಆ ಹದಿನೈದು ದಿನ ನಾನು ನೋಡಿದ್ದು ಟ್ಯಾಬುಗಳ ಬೆನ್ನನ್ನು. ಇಪ್ಪತ್ತೆರಡು ಹೆಸರು, ಇಪ್ಪತ್ತೆರಡು ಪಾಸ್‌ವರ್ಡು, ಅಕ್ಷರವೇ ಬಾರದ ಮಕ್ಕಳಿಗೆ ಎಂಟು ಅಕ್ಷರದ ಪಾಸ್‌ವರ್ಡು. ಇದನ್ನು ರೂಪಿಸಿದ ಪಂಡಿತರು ಒಂದನೇ ತರಗತಿಯನ್ನು ಹಾರಿಸಿ ನೇರ ಎರಡಕ್ಕೆ ಸೇರಿದವರೇ ಇರಬೇಕು. ದಿನಕ್ಕೆ ನೂರಿಪ್ಪತ್ತು ನಿಮಿಷ ಪರದೆ ಉರಿಯಬೇಕು. ಉರಿಯದಿದ್ದರೆ ಮುಖ್ಯೋಪಾಧ್ಯಾಯಿನಿಯವರಿಗೆ ಕೆಂಪು ಸಂದೇಶ ಬರುತ್ತದೆ. ನಾನು ನಿಮಿಷಗಳನ್ನು ಕಾಯ್ದೆ. ಮಕ್ಕಳನ್ನು ಕಾಯಲಿಲ್ಲ.

ಇಪ್ಪತ್ತನಾಲ್ಕನೇ ತಾರೀಖು ನಿಮ್ಮ ಆರಂಭಿಕ ಪರೀಕ್ಷೆ. ಪರದೆಯಲ್ಲಿ ನಾಲ್ಕು ಚಿತ್ರ ಬರುತ್ತವೆ, ಒಂದು ಧ್ವನಿ ಪ್ರಶ್ನೆ ಕೇಳುತ್ತದೆ, ಮಗು ಸರಿಯಾದ ಚಿತ್ರವನ್ನು ಒತ್ತಬೇಕು. ಒಂದು ಪ್ರಶ್ನೆಗೆ ಇಪ್ಪತ್ತು ಸೆಕೆಂಡು. ಕಲೀನಾ ನೋಡಲು ಮುಂದಕ್ಕೆ ಬಾಗಿದಳು. ಪರದೆ ಮಂಕಾಯಿತು, ಟಿಣ್ ಎಂದಿತು. ಅವಳು ಹಿಂದೆ ಸರಿದಳು. ಹಿಂದೆ ಸರಿದರೆ ಅವಳಿಗೆ ಕಾಣುವುದು ಬಣ್ಣದ ಕಲೆಗಳು ಮಾತ್ರ. ಮತ್ತೆ ಬಾಗಿದಳು, ಮತ್ತೆ ಟಿಣ್. ಗಡಿಯಾರ ನಿಲ್ಲಲಿಲ್ಲ. ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಪಕ್ಕದಲ್ಲಿ ಕೂತಿದ್ದ ಹುಡುಗಿ ಆಮೇಲೆ ಹೇಳಿದಳು. ನಾನು ಆಗ ಕೋಣೆಯ ಇನ್ನೊಂದು ತುದಿಯಲ್ಲಿ, ಸತ್ತುಹೋದ ಒಂದು ಟ್ಯಾಬಿಗೆ ಚಾರ್ಜರ್ ಸಿಕ್ಕಿಸುತ್ತ ಬಗ್ಗಿದ್ದೆ. ಆ ಟಿಣ್ ಟಿಣ್ ನನ್ನ ಕಿವಿಗೆ ಬಿದ್ದಿತ್ತು, ಬಹಳ ಹೊತ್ತು ಬಿದ್ದಿತ್ತು. ಯಾರೋ ತುಂಟಾಟ ಮಾಡುತ್ತಿದ್ದಾರೆ ಎಂದುಕೊಂಡು, ತಿರುಗಿ ಕೂಡ ನೋಡದೆ, "ಯಾರದು, ನೆಟ್ಟಗೆ ಕೂತ್ಕೊಳ್ಳಿ" ಎಂದು ಗದರಿದೆ.

ಅವಳು ನೆಟ್ಟಗೆ ಕೂತಳು. ಅಲ್ಲಿಂದ ಮುಂದೆ ಸದ್ದು ಬರಲಿಲ್ಲ. ಹೇಳಿದ ಮಾತು ಕೇಳುವ ಮಗು ಅದು. ಉಳಿದ ಪ್ರಶ್ನೆಗಳಿಗೆ ಕೈಗೆ ಸಿಕ್ಕಿದ ಕಡೆ ಒತ್ತಿದಳು.

ಎರಡು ದಿನದ ಮೇಲೆ ವರದಿಗಳು ಬಂದವು. ಕಲೀನಾಳದ್ದು ಕಡು ಕೆಂಪು. 'ಗ್ರಹಿಕೆ: ವಯಸ್ಸಿಗೆ ತಕ್ಕಷ್ಟಿಲ್ಲ. ಸೂಚನೆ ಪಾಲನೆ: ಇಲ್ಲ. ವಿಶೇಷ ಶಿಕ್ಷಣಕ್ಕೆ ಶಿಫಾರಸು.' ಕೆಳಗೆ 'ಶಿಕ್ಷಕರು ಪರಿಶೀಲಿಸಿ ದೃಢೀಕರಿಸಿದ್ದಾರೆ' ಎಂಬ ಸಾಲು, ಪಕ್ಕದಲ್ಲಿ ಗುಂಡಿ. ಇದೇನೋ ಎಡವಟ್ಟಾಗಿದೆ, ಇನ್ನೊಮ್ಮೆ ನೋಡೋಣ ಅನ್ನಿಸಿತು. ಶುಕ್ರವಾರ ಸಂಜೆ ನಾಲ್ಕೂಮುಕ್ಕಾಲು. ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ಬಂದು ನಿಂತರು.

"ದಾಫಿನಾ, ಐದಕ್ಕೆ ವೆಬ್‌ಸೈಟ್ ಮುಚ್ಚುತ್ತಂತೆ. ಇಡೀ ಜಿಲ್ಲೇಲಿ ನಮ್ಮದೊಂದೇ ಬಾಕಿ."

"ಒಂದು ಮಗುದು ಸರಿ ಇಲ್ಲ ಅನ್ನಿಸ್ತಿದೆ."

"ಆಮೇಲೆ ತಿದ್ದಿದ್ರಾಯ್ತು. ಈಗ ಕಳಿಸಿಬಿಡು, ನನ್ನ ತಲೆ ಉಳಿಸು."

ಎಲ್ಲವನ್ನೂ ಒಟ್ಟಿಗೆ ದೃಢೀಕರಿಸಲು ನೀವು ಒಂದು ಚೌಕ ಇಟ್ಟಿದ್ದೀರಿ. ಬಹಳ ಅನುಕೂಲ. ನಾನು ಅದನ್ನು ಒತ್ತಿದೆ. ಇಪ್ಪತ್ತೆರಡು ಮಕ್ಕಳನ್ನು ಒಂದು ಬೆರಳಿನಿಂದ ಪರಿಶೀಲಿಸಿದೆ. ಈ ಪತ್ರದಲ್ಲಿ ನಿಮ್ಮ ಮೇಲೆ ಹೊರಿಸುವ ಪ್ರತಿಯೊಂದು ಮಾತಿನ ಪಕ್ಕ ಈ ವಾಕ್ಯವನ್ನೂ ಇಟ್ಟುಕೊಂಡು ಓದಬೇಕಾಗಿ ಕೋರುತ್ತೇನೆ: ಅದನ್ನು ಒತ್ತಿದ್ದು ನಾನು.

ಸೋಮವಾರ ಬೆಳಿಗ್ಗೆ ಕರೆಂಟು ಹೋಯಿತು. ಯಾವ ಪುಣ್ಯಕ್ಕೋ ಮೂರು ಗಂಟೆ ಬರಲಿಲ್ಲ. ಪರದೆಗಳೆಲ್ಲ ಕಪ್ಪಾದ ಮೇಲೆ ಬೇರೆ ದಾರಿ ಕಾಣದೆ ಪುಸ್ತಕ ಪೆನ್ಸಿಲು ಹಂಚಿದೆ, ಸಾಲುಗಳ ನಡುವೆ ನಡೆದೆ. ಕಲೀನಾ ಕೆನ್ನೆಯನ್ನು ಪುಸ್ತಕದ ಮೇಲೆ ಒರಗಿಸಿ, ರೆಪ್ಪೆ ಕಾಗದಕ್ಕೆ ಸವರುವಷ್ಟು ಹತ್ತಿರದಿಂದ ಬರೆಯುತ್ತಿದ್ದಳು. ತನ್ನ ಹೆಸರು, ಅಮ್ಮನ ಹೆಸರು, ಅಜ್ಜಿಯ ಹೆಸರು. ಯಾರೂ ಹೇಳಿಕೊಟ್ಟಿರಲಿಲ್ಲ, ಅಜ್ಜಿಯ ಔಷಧಿ ಡಬ್ಬಿಗಳ ಮೇಲಿನ ಅಕ್ಷರಗಳನ್ನು ನೋಡಿ ಕಲಿತದ್ದಂತೆ. ಇಡೀ ತರಗತಿಯಲ್ಲಿ ಆ ಹೊತ್ತಿಗೆ ಮೂರು ಹೆಸರು ಬರೆಯಬಲ್ಲ ಇನ್ನೊಂದು ಮಗು ಇರಲಿಲ್ಲ.

"ಕಲೀನಾ, ಆ ಕ್ಯಾಲೆಂಡರಲ್ಲಿ ದೊಡ್ಡದಾಗಿ ಏನು ಬರೆದಿದೆ ಓದು ನೋಡೋಣ" ಎಂದೆ.

ಅವಳು ಎದ್ದು ನಿಂತಳು. ಮುಖವನ್ನು ಅತ್ತ ಇತ್ತ ತಿರುಗಿಸಿದಳು. "ಯಾವ ಕ್ಯಾಲೆಂಡರ್, ಟೀಚರ್?"

ಅದು ಅವಳೆದುರಿನ ಗೋಡೆಯ ಮೇಲೇ ಇತ್ತು, ನಾಲ್ಕು ಹೆಜ್ಜೆ ದೂರದಲ್ಲಿ.

ಅವತ್ತೇ ಇಸ್ಕ್ರಾಳಿಗೆ ಫೋನ್ ಮಾಡಿದೆ. ಮಕ್ಕಳ ಕಣ್ಣಿನ ಡಾಕ್ಟರು ಜಿಲ್ಲಾ ಆಸ್ಪತ್ರೆಗೆ ತಿಂಗಳಿಗೊಮ್ಮೆ ಬರುತ್ತಾರೆ. ಅವಳಿಗೆ ಸಿಕ್ಕಿದ್ದು ನವೆಂಬರ್ ಇಪ್ಪತ್ತು. ಅವತ್ತೇ ನಿಮ್ಮ ಜಾಲತಾಣವನ್ನೂ ತೆರೆದೆ. ದೃಢೀಕರಿಸಿದ ವರದಿಯನ್ನು ತಿದ್ದಲು ಬರುವುದಿಲ್ಲ ಎಂದಿತು. 'ಷರಾ' ಎಂಬ ಒಂದು ಕಿಂಡಿ ಇತ್ತು, ಅರವತ್ತು ಅಕ್ಷರಕ್ಕೆ ಮೀರದಂತೆ. 'ಮಗುವಿಗೆ ಕಣ್ಣು ಕಾಣುವುದಿಲ್ಲ. ಪರೀಕ್ಷೆ ತಪ್ಪು. ದಯವಿಟ್ಟು ನಿಲ್ಲಿಸಿ' ಎಂದು ಬರೆದೆ. 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಎಂದಿತು, ಒಂದು ನಗುಮುಖದ ಸಮೇತ. ಸ್ವಾಮಿ, ಆ ಷರಾವನ್ನು ಯಾರು ಓದುತ್ತಾರೆ? ಓದಲು ಯಾರನ್ನಾದರೂ ನೇಮಿಸಿದ್ದೀರಾ? ಅಥವಾ ನಮ್ಮ ಎದೆಯ ಭಾರ ಇಳಿಯಲಿ ಎಂದು ಕರುಣೆಯಿಂದ ತೆರೆದಿಟ್ಟ ಕಿಂಡಿಯೋ ಅದು?

ಅಕ್ಟೋಬರ್ ಕೊನೆಯಲ್ಲಿ ನಿಮ್ಮ ಸಮಿತಿಯ ಮೂವರು ಬಂದರು. ಕಾಲು ಗಂಟೆ ಮಗುವನ್ನು ಪರಿಶೀಲಿಸಿದರು, ಅದೇ ಟ್ಯಾಬಿನಲ್ಲಿ. ನಾನು ಹೊರಗೆ ಕಾದು ನಿಂತು ಹಿರಿಯರಾದ ಒಬ್ಬರಿಗೆ ಎಲ್ಲವನ್ನೂ ಹೇಳಿದೆ. ಅವರು ಸೌಜನ್ಯದಿಂದಲೇ ಕೇಳಿಸಿಕೊಂಡರು.

"ಕಣ್ಣಿನ ವಿಷಯ ಆರೋಗ್ಯದವರದ್ದು ಮೇಡಂ. ನಾವು ಕಲಿಕೆಯವರು."

"ಕಣ್ಣು ಕಾಣದೆ ಹೇಗೆ ಕಲೀತಾಳೆ ಸಾರ್?"

"ಅದನ್ನೇ ನಾವೂ ಬರೀತಿರೋದು, ಕಲೀತಿಲ್ಲ ಅಂತ. ಮತ್ತೆ ನೀವೇ ದೃಢೀಕರಿಸಿದೀರಲ್ಲ."

ಮಾರನೆಯ ದಿನ ಇಸ್ಕ್ರಾಳನ್ನು ಕರೆಸಿದರು. ನಾನು ತರಗತಿಯಲ್ಲಿದ್ದೆ, ನನ್ನನ್ನು ಯಾರೂ ಕರೆಯಲಿಲ್ಲ. ಹಾಸ್ಟೆಲಿನಲ್ಲಿ ಡಾಕ್ಟರಿದ್ದಾರೆ, ಊಟವಿದೆ, ಒಂದೊಂದು ಮಗುವಿಗೂ ಬೇರೆಯಾಗಿ ಪಾಠ ಹೇಳುತ್ತಾರೆ ಎಂದರಂತೆ. ಪಾಳಿ ತಪ್ಪಿಸಿಕೊಂಡು ಓಡಿ ಬಂದಿದ್ದ ಹೆಂಗಸು, ಎದುರಿಗೆ ಮೂವರು ಅಧಿಕಾರಿಗಳು. ಅವಳು ಸಹಿ ಹಾಕಿದಳು. ಸಂಜೆ ನನ್ನ ಮನೆಯ ಬಾಗಿಲಿಗೆ ಬಂದಾಗ ಕೋಟಿನ ಮೇಲೆ ಇನ್ನೂ ದಾರದ ಎಳೆಗಳು ಅಂಟಿಕೊಂಡಿದ್ದವು.

"ಯಾಕೆ ಹಾಕ್ದೆ ಇಸ್ಕ್ರಾ? ಒಂದು ಮಾತು ನನ್ನ ಕೇಳಬಾರದಿತ್ತಾ?" ಎಂದೆ. ನನ್ನ ದನಿ ಏರಿತ್ತು.

ಅವಳು ಒಳಗೆ ಬರಲಿಲ್ಲ. "ಕಾಗದ ತೋರಿಸಿದ್ರು ಟೀಚರ್. ಕೆಳಗೆ ನಿಮ್ಮ ಹೆಸರಿತ್ತು. ನಿಮ್ಮ ಹೆಸರಿದ್ದ ಮೇಲೆ ಇನ್ನೇನು ಕೇಳಲಿ ನಾನು? ನನಗೆ ಓದೋಕೆ ಕಲಿಸಿದ್ದೇ ನೀವು."

ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ.

ನವೆಂಬರ್ ಮೂರಕ್ಕೆ ಮಗು ಹೋಯಿತು. ಇಪ್ಪತ್ತನೇ ತಾರೀಖಿನ ಡಾಕ್ಟರ ಭೇಟಿ ತಪ್ಪಿಹೋಯಿತು, ಏಕೆಂದರೆ ಹಾಸ್ಟೆಲ್ ಇರುವುದು ಬೇರೆ ಜಿಲ್ಲೆಯಲ್ಲಿ. ಅಲ್ಲಿನ ಶಿಕ್ಷಕಿ ಒಳ್ಳೆಯವಳು. ಒಂದು ವಾರದಲ್ಲೇ ಅವಳಿಗೆ ಗೊತ್ತಾಯಿತಂತೆ. ತನ್ನ ಕಡೆಯಿಂದ ಓಡಾಡಿ, ಜನವರಿಯಲ್ಲಿ ಕಣ್ಣು ತೋರಿಸಿ ಕನ್ನಡಕ ಹಾಕಿಸಿದಳು. ಎರಡೂ ಕಣ್ಣಿಗೆ ಮೈನಸ್ ಒಂಬತ್ತು. ಸುದ್ದಿ ತಿಳಿದ ಶನಿವಾರವೇ ನಾನು ಬಸ್ ಹತ್ತಿದೆ.

"ಈ ಮಗು ಇಲ್ಲಿರಬೇಕಾದ್ದಲ್ಲ ಕಣ್ರೀ. ಇವಳ ಹಾಸಿಗೆಗೆ ಕಾಯ್ತಾ ಇನ್ನೊಂದು ಮಗು ಮನೇಲಿದೆ. ಅದಕ್ಕೆ ನಿಜವಾಗಲೂ ನಾವು ಬೇಕು" ಎಂದಳು ಆ ಶಿಕ್ಷಕಿ. ಒಂದೇ ಗುಂಡಿಯಿಂದ ಎರಡು ಮಕ್ಕಳ ಜಾಗ ತಪ್ಪಿಸಿದ ಯಂತ್ರ ನಿಮ್ಮದು ಮಾನ್ಯರೇ. ಇದಕ್ಕೆ ಸಾಮರ್ಥ್ಯ ಎನ್ನುತ್ತೀರೋ, ಉಳಿತಾಯ ಎನ್ನುತ್ತೀರೋ ನನಗೆ ತಿಳಿಯದು.

ಕಲೀನಾ ಓಡಿ ಬಂದಳು, ಎಲ್ಲೂ ಎಡವದೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಗಲ್ಲಕ್ಕೆ ಬೆರಳಿಟ್ಟು, "ಟೀಚರ್, ನಿಮಗಿಲ್ಲಿ ಮಚ್ಚೆ ಇದೆ" ಎಂದಳು. ಏಳು ವಾರ ದಿನವೂ ನನ್ನೆದುರು ಕೂತಿದ್ದ ಮಗು ಅದು. ನಾನು ತಂದಿದ್ದ ಅಕ್ಷರಮಾಲೆಯನ್ನು ಚೀಲದಿಂದ ತೆಗೆದೆ. ಇನ್ನೂ ಪುಟ ತೆರೆದಿರಲಿಲ್ಲ, ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ನನಗೆ ಬರಲ್ಲ ಟೀಚರ್."

"ನೋಡದೇನೇ ಹೇಳ್ತೀಯಲ್ಲೇ. ನೋಡು ಮೊದಲು."

"ಇಲ್ಲ, ನನಗೆ ಬರಲ್ಲ. ಅದಕ್ಕೇ ಇಲ್ಲಿಗೆ ಕಳಿಸಿರೋದು."

ನಿಮ್ಮ ಯೋಜನೆಯ ಅರ್ಧವರ್ಷದ ಸಾಧನೆಯ ಪುಸ್ತಿಕೆ ಮೊನ್ನೆ ನಮ್ಮ ಶಾಲೆಗೂ ಬಂತು. ಎಷ್ಟು ಪರದೆ, ಎಷ್ಟು ನಿಮಿಷ, ಎಷ್ಟು ಮಕ್ಕಳನ್ನು ಸಕಾಲದಲ್ಲಿ ಗುರುತಿಸಿದ್ದೀರಿ ಎಂದೆಲ್ಲ ಬಣ್ಣದ ಕಂಬಗಳಲ್ಲಿ ತೋರಿಸಿದ್ದೀರಿ. ಆ ಕಂಬಗಳಲ್ಲಿ ಒಂದರೊಳಗೆ ಕಲೀನಾ ಇದ್ದಾಳೆ. ತಾನು ದಡ್ಡಿ ಎಂಬುದನ್ನು ಅವಳು ನಿಮ್ಮಿಂದ ಕಲಿತಳು, ಪೂರ್ತಿ ಕಲಿತಳು, ಈಗ ಯಾರು ಕೇಳಿದರೂ ತಪ್ಪಿಲ್ಲದೆ ಒಪ್ಪಿಸುತ್ತಾಳೆ. ನಿಮ್ಮ ಯೋಜನೆ ನನ್ನ ತರಗತಿಯಲ್ಲಿ ಕಲಿಸಿದ ಪಾಠಗಳಲ್ಲಿ ಇಷ್ಟು ಗಟ್ಟಿಯಾಗಿ ಊರಿದ್ದು ಇದೊಂದೇ.

ಅವಳನ್ನು ಮರಳಿ ಕಳಿಸಿ ಎಂದರೆ, ವರ್ಷದ ನಡುವೆ ತರಗತಿಯ ಪಟ್ಟಿ ತೆರೆಯುವುದಿಲ್ಲ ಎನ್ನುತ್ತೀರಿ. ತೆರೆದರೂ ಮರುಪರೀಕ್ಷೆ ಆಗಬೇಕು, ಅದೂ ಟ್ಯಾಬಿನಲ್ಲೇ ಆಗಬೇಕು ಎನ್ನುತ್ತೀರಿ. ಕಳಿಸುವಾಗ ಐದು ಗಂಟೆಯೊಳಗೆ ಎಂದು ಅವಸರಪಟ್ಟ ಪಟ್ಟಿ, ಕರೆತರುವಾಗ ಹತ್ತು ತಿಂಗಳು ಆಕಳಿಸುತ್ತದೆಯೇ? ಮನುಷ್ಯರು ಮಾಡಿದ ಪಟ್ಟಿಯಲ್ಲವೇ ಅದು? ಮುಚ್ಚಿದವರ ಕೈಗೆ ತೆರೆಯಲು ಬಾರದ ಬೀಗವನ್ನು ಮಕ್ಕಳ ಬದುಕಿಗೆ ಹಾಕುವ ಅಧಿಕಾರ ನಿಮಗೆ ಯಾರು ಕೊಟ್ಟರು?

ನನ್ನ ಬೇಡಿಕೆ ದೊಡ್ಡದಲ್ಲ. ಆ ಮಗುವಿನ ಮೇಲಿನ ವರದಿಯನ್ನು ಅಳಿಸಿ ಹಾಕಿ. ತಪ್ಪಾಯಿತು ಎಂದು ಅವಳ ತಾಯಿಗೆ ಒಂದು ಪತ್ರ ಬರೆಯಿರಿ, ಮನುಷ್ಯರ ಕೈಯಿಂದ ಸಹಿ ಮಾಡಿ. ಕಣ್ಣಿನ ರಕ್ಷಣೆ ಎಂಬ ಆ ಕಾಟವನ್ನು ಪರೀಕ್ಷೆಯ ಹೊತ್ತಿಗಾದರೂ ನಿಲ್ಲಿಸಲು ನಮ್ಮ ಕೈಗೆ ಬಿಡಿ, ಏಕೆಂದರೆ ಈ ದೇಶದ ಒಂದನೇ ತರಗತಿಗಳಲ್ಲಿ ಅವಳೊಬ್ಬಳೇ ಮುಂದಕ್ಕೆ ಬಾಗಿದವಳು ಎಂದು ನಂಬಲು ನಾನು ತಯಾರಿಲ್ಲ. ಶಾಲೆ ಶುರುವಾದ ಮೊದಲ ಹದಿನೈದು ದಿನ ಯಾವ ಪರದೆಯೂ ಉರಿಯಬೇಕಾಗಿಲ್ಲ ಎಂದು ಆದೇಶ ಹೊರಡಿಸಿ. ಮಕ್ಕಳ ಮುಖ ನೋಡಲು ನಮಗೆ ಅಷ್ಟು ದಿನ ಬೇಕು.

ಇವುಗಳಿಗೆಲ್ಲ ನೀವು ಸಮಯ ತೆಗೆದುಕೊಳ್ಳಬಹುದು. ಒಂದಕ್ಕೆ ಮಾತ್ರ ನಾನು ಕಾಯುವುದಿಲ್ಲ. ಮಾರ್ಚ್ ಒಂಬತ್ತು, ಸೋಮವಾರ, ಬೆಳಿಗ್ಗೆ ಎಂಟಕ್ಕೆ ಕಲೀನಾ ನನ್ನ ತರಗತಿಯ ಮೊದಲ ಸಾಲಿನಲ್ಲಿ ಕೂತಿರುತ್ತಾಳೆ. ಹಿಂದಿನ ದಿನ ನಾನೂ ಅವಳ ತಾಯಿಯೂ ಹೋಗಿ ಕರೆತರುತ್ತೇವೆ. ತಾಯಿ ತನ್ನ ಒಪ್ಪಿಗೆಯನ್ನು ಹಿಂತೆಗೆದುಕೊಂಡು ಬರೆದ ಕಾಗದ ಆ ಶಾಲೆಗೆ ಈಗಾಗಲೇ ತಲುಪಿದೆ. ನಿಮ್ಮ ಯಂತ್ರ ನನ್ನ ತರಗತಿಯಲ್ಲಿ ಇಪ್ಪತ್ತೊಂದು ಮಕ್ಕಳನ್ನು ತೋರಿಸುತ್ತದೆ. ನಾನು ಇಪ್ಪತ್ತೆರಡು ಮಕ್ಕಳಿಗೆ ಪಾಠ ಹೇಳುತ್ತೇನೆ. ಇದರಲ್ಲಿ ಯಾರ ಲೆಕ್ಕ ತಪ್ಪು ಎಂದು ನೋಡುವ ಮನಸ್ಸಾದರೆ ದಯಮಾಡಿ ತಾವೇ ಬನ್ನಿ. ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ.

ಇಂತಿ,
ಇಷ್ಟು ದಿನ ತಮ್ಮ ವಿಧೇಯಳಾಗಿದ್ದುದಕ್ಕೆ ನಾಚಿಕೊಂಡಿರುವ
ದಾಫಿನಾ ವೆಲ್ಚೇವಾ
ಒಂದನೇ ತರಗತಿಯ ಶಿಕ್ಷಕಿ